ಪಕ್ಕವಾದ್ಯದವನಿಗೆ ಇಷ್ಟು ಜಾಗ ಯಾಕೆ?

ದಾವಣಗೆರೆಯ ಓದುಗರೊಬ್ಬರ ಪತ್ರ, ಚಿಕ್ಕದಾಗಿ: "ಕಳೆದ ಸಂಚಿಕೆಯ ಗಿಟಾರ್ ಲೇಖನದಲ್ಲಿ ಜೆರ್ರಿ ರೀಡ್‌ಗೆ ಎರಡು ಪುಟ ಕೊಟ್ಟಿದ್ದೀರಿ. 'ಸ್ಮೋಕಿ ಅಂಡ್ ದ ಬ್ಯಾಂಡಿಟ್' ಸಿನಿಮಾದಲ್ಲಿ ಲಾರಿ ಓಡಿಸುವ ತಮಾಷೆಯ ಮನುಷ್ಯ ಅವನು. ಬೇರೆಯವರ ಹಾಡಿಗೆ ಕೂಲಿಗೆ ನುಡಿಸಿದವನಿಗೆ ಅಷ್ಟು ಜಾಗ ಬೇಕಿತ್ತಾ? ಇನ್ನೊಂದು ಮಾತು. ನನ್ನ ಮಗನೂ ಗಿಟಾರ್ ಹಿಡಿದು ಕೂತಿದ್ದಾನೆ. ಸ್ಟುಡಿಯೋದಲ್ಲಿ ನುಡಿಸಿಕೊಂಡೇ ಬದುಕುತ್ತೇನೆ ಅಂತಾನೆ. ಹೊಟ್ಟೆ ತುಂಬುತ್ತಾ?"

ಮಾನ್ಯರೇ,

ಸಿನಿಮಾದವನು ಅಂತ ನೀವು ಗುರುತಿಸಿದ್ದು ಸರಿಯೇ. ಆದರೆ ಆ ಸಿನಿಮಾ ಬಂದದ್ದು 1977ರಲ್ಲಿ. ಅಷ್ಟು ಹೊತ್ತಿಗೆ ರೀಡ್‌ಗೆ ನಲವತ್ತು. ಹಾಡು ಬರೆಯುವುದು, ಗಿಟಾರ್ ನುಡಿಸುವುದು ಶುರುವಾಗಿ ಇಪ್ಪತ್ತು ವರ್ಷ ದಾಟಿತ್ತು. ನಾವು ಎರಡು ಪುಟ ಕೊಟ್ಟದ್ದು ಆ ಇಪ್ಪತ್ತು ವರ್ಷಕ್ಕೆ.

ಹುಟ್ಟಿದ್ದು 1937ರಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿ. ಅಪ್ಪ ಅಮ್ಮ ಬೇರೆಯಾದರು. ಬಾಲ್ಯದ ಕೆಲವು ವರ್ಷ ಅನಾಥಾಶ್ರಮದಲ್ಲಿ ಕಳೆಯಿತು. ಹದಿನೆಂಟಕ್ಕೇ ಕ್ಯಾಪಿಟಲ್ ಕಂಪನಿ ಅವನ ಹಾಡು ರೆಕಾರ್ಡ್ ಮಾಡಿಕೊಂಡಿತು. ಗಾಯಕನಾಗಿ ಆಗ ಅಂಥ ಹೆಸರೇನೂ ಬರಲಿಲ್ಲ. ಆದರೆ ಅವನು ಬರೆದದ್ದನ್ನು ಬೇರೆಯವರು ಹಾಡತೊಡಗಿದರು. 1956ರಲ್ಲಿ ಜೀನ್ ವಿನ್ಸೆಂಟ್ ಹಾಡಿದ, 1960ರಲ್ಲಿ ಬ್ರೆಂಡಾ ಲೀ ಹಾಡಿ ಗೆದ್ದಳು. ಸೈನ್ಯದಲ್ಲಿ ಎರಡು ವರ್ಷ ಇದ್ದು ಬಂದವನು ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ಗೆ ಹೋಗಿ ಸ್ಟುಡಿಯೋ ಕೆಲಸಕ್ಕೆ ಇಳಿದ.

ಈ ಸ್ಟುಡಿಯೋ ಕೆಲಸ ಅಂದರೆ ಏನು ಅಂತ ನಿಮ್ಮ ಮಗನಿಗೆ ಗೊತ್ತಿರಬೇಕು. ನ್ಯಾಶ್‌ವಿಲ್‌ನಲ್ಲಿ ಒಂದು ಸೆಷನ್ ಅಂದರೆ ಮೂರು ಗಂಟೆ. ಅಷ್ಟರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಹಾಡು ಹೇಗಿದೆ ಅಂತ ವಾದ್ಯದವರಿಗೆ ಗೊತ್ತಾಗುವುದೇ ಅಲ್ಲಿಗೆ ಬಂದ ಮೇಲೆ. ಬರೆದಿಟ್ಟ ಸ್ವರಲಿಪಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಸಲ ಕೇಳುತ್ತಾರೆ, ಒಂದು ಚೀಟಿಯಲ್ಲಿ 1, 4, 5 ಅಂತ ಅಂಕಿ ಗೀಚಿಕೊಳ್ಳುತ್ತಾರೆ, ನುಡಿಸುತ್ತಾರೆ. ಒಂದೊಂದು ಅಂಕಿಯೂ ಒಂದೊಂದು ಕಾರ್ಡ್ (chord), ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಗಾಯಕ "ನನಗೆ ಎತ್ತರವಾಯಿತು, ಸ್ವಲ್ಪ ಇಳಿಸಿ" ಅಂದರೂ ಚೀಟಿ ಬದಲಾಯಿಸಬೇಕಾಗಿಲ್ಲ. ನಮ್ಮಲ್ಲಿ ಶ್ರುತಿ ಇಳಿಸಿದರೂ ಸರಿಗಮ ಅದೇ ಇರುತ್ತದಲ್ಲ, ಹಾಗೆ. ಜೋರ್ಡನೇರ್ಸ್ ಎಂಬ ಹಾಡುಗಾರರ ತಂಡದ ನೀಲ್ ಮ್ಯಾಥ್ಯೂಸ್ 1950ರ ದಶಕದ ಕೊನೆಗೆ ತಮ್ಮ ಅನುಕೂಲಕ್ಕೆ ಅಂತ ಮಾಡಿಕೊಂಡ ಪದ್ಧತಿ ಇದು. ಚಾರ್ಲಿ ಮೆಕಾಯ್ ಮುಂತಾದ ಸ್ಟುಡಿಯೋ ವಾದಕರು ಅದನ್ನು ಊರಿಗೆಲ್ಲ ಹಬ್ಬಿಸಿದರು. ಈಗಲೂ ಅಲ್ಲಿ ಅದೇ ನಡೆಯುತ್ತದೆ.

ಈಗ 1967ರ ಸೆಪ್ಟೆಂಬರ್‌ಗೆ ಬನ್ನಿ. ಆರ್‌ಸಿಎ ಕಂಪನಿಯ ಸ್ಟುಡಿಯೋ ಬಿ. ಎಲ್ವಿಸ್ ಪ್ರೀಸ್ಲಿ ಒಂದು ಹಾಡು ಹಾಡಬೇಕು ಅಂತ ಕೂತಿದ್ದಾನೆ. ರೀಡ್ ಬರೆದು ತಾನೇ ಹಾಡಿದ್ದ 'ಗಿಟಾರ್ ಮ್ಯಾನ್'. ರೀಡ್‌ನ ರೆಕಾರ್ಡ್ ಅಷ್ಟೇನೂ ಓಡಿರಲಿಲ್ಲ, ಆದರೆ ಎಲ್ವಿಸ್‌ಗೆ ಅದರ ಗಿಟಾರ್ ಹಿಡಿಸಿತ್ತು. ಸುತ್ತ ಇದ್ದವರು ಊರಿನ ಅತ್ಯುತ್ತಮ ವಾದಕರು. ಎಷ್ಟು ನುಡಿಸಿದರೂ ಆ ಶಬ್ದ ಮಾತ್ರ ಬರಲಿಲ್ಲ. ಯಾಕೆ ಅಂದರೆ ಅವರೆಲ್ಲ ಪಿಕ್ ಎಂಬ ಚಿಕ್ಕ ಬಿಲ್ಲೆ ಹಿಡಿದು ಸ್ಟೀಲ್ ತಂತಿ ಮೀಟುವವರು. ರೀಡ್ ನೈಲಾನ್ ತಂತಿಯ ಗಿಟಾರನ್ನು ಬೆರಳಲ್ಲಿ ನುಡಿಸುತ್ತಿದ್ದ. ಬಲಗೈ ಹಕ್ಕಿಯ ಪಂಜದ ಹಾಗೆ ಮಡಚಿ, ಒಂದೊಂದು ಬೆರಳೂ ಒಂದೊಂದು ಕಡೆಗೆ ಎಳೆಯುತ್ತಿತ್ತು. ಸಾಲದ್ದಕ್ಕೆ ತಂತಿಗಳ ಶ್ರುತಿಯನ್ನೂ ತನಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದ್ದ. ಕೇಳಿ ಹಿಡಿಯುವಂಥದ್ದಲ್ಲ ಅದು.

ಕೊನೆಗೆ ನಿರ್ಮಾಪಕ ಫೆಲ್ಟನ್ ಜಾರ್ವಿಸ್ ರೀಡ್‌ನನ್ನೇ ಹುಡುಕಿಸಿದ. ಆಸಾಮಿ ಮೀನು ಹಿಡಿಯಲು ಹೋಗಿದ್ದ! ಕೆದರಿದ ತಲೆಯಲ್ಲೇ ಬಂದ, ತಂತಿ ಬಿಗಿದ, ನುಡಿಸಿದ. ಎಲ್ವಿಸ್‌ಗೆ ಹುಮ್ಮಸ್ಸು ಬಂತು. ಆ ಹಾಡೂ ಮುಗಿಯಿತು, ಅದೇ ಬಿಸಿಯಲ್ಲಿ ಇನ್ನೊಂದಕ್ಕೂ ರೀಡ್ ನುಡಿಸಿದ.

ನಿಮ್ಮ ಮಗನಿಗೆ ನಾನು ಹೇಳಬೇಕಾದದ್ದು ಇರುವುದು ಆಮೇಲಿನ ಕತೆಯಲ್ಲಿ. ಎಲ್ವಿಸ್ ಕಡೆಯವರಿಗೆ ಒಂದು ರೂಢಿ ಇತ್ತು. ಹಾಡು ಅವನಿಂದ ಹಾಡಿಸಬೇಕು ಅಂದರೆ ಅದರ ಪಬ್ಲಿಷಿಂಗ್ ಹಕ್ಕಿನಲ್ಲಿ, ಅಂದರೆ ಹಾಡಿನ ಒಡೆತನದಿಂದ ಬರುವ ದುಡ್ಡಿನಲ್ಲಿ, ಪಾಲು ಬಿಟ್ಟುಕೊಡಬೇಕು. ರೀಡ್‌ನನ್ನೂ ಕೇಳಿದರು. ಅವನು ಆಗುವುದಿಲ್ಲ ಅಂದ. ಒತ್ತಾಯ ಮಾಡಿದರು. ಆಗಲೂ ಇಲ್ಲ ಅಂದ. ರೆಕಾರ್ಡಿಂಗ್ ಆಗಲೇ ಮುಗಿದಿತ್ತು, ಗಿಟಾರ್ ಅವನದೇ, ಅವರು ಏನು ಮಾಡಿಯಾರು? 1968ರ ಜನವರಿಯಲ್ಲಿ ರೆಕಾರ್ಡ್ ಹೊರಬಂತು. ಕೆಲವು ವರ್ಷಗಳ ನಂತರ ಗಾಯಕಿ ಡಾಲಿ ಪಾರ್ಟನ್ ಕೂಡ ಇದೇ ಜನಕ್ಕೆ ಇಲ್ಲ ಅಂದಳು. ಅವಳು ಬರೆದ 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡನ್ನು ಎಲ್ವಿಸ್ ರೆಕಾರ್ಡ್ ಮಾಡಲೇ ಇಲ್ಲ. 1992ರಲ್ಲಿ ಅದನ್ನು ವಿಟ್ನಿ ಹ್ಯೂಸ್ಟನ್ ಹಾಡಿದಾಗ ಡಾಲಿಗೆ ದುಡ್ಡು ಹರಿದು ಬಂದ ಕತೆ ನಿಮಗೆ ಗೊತ್ತೇ ಇರಬಹುದು.

ಒಂದು ಪಾಲಿಗೆ ಇಷ್ಟೊಂದು ಹಟ ಯಾಕೆ? ಲೆಕ್ಕ ನೋಡಿ. ಸೆಷನ್ ವಾದಕನಿಗೆ ವಾದಕರ ಸಂಘ ಗೊತ್ತುಮಾಡಿದ ದರ ಸಿಗುತ್ತದೆ. ತಂಡದ ಮುಖ್ಯಸ್ಥನಿಗೆ ಅದರ ಎರಡರಷ್ಟು. ರೆಕಾರ್ಡ್ ಹತ್ತು ಲಕ್ಷ ಹೋಗಲಿ, ಒಂದೂ ಹೋಗದಿರಲಿ, ಆ ದಿನದ ದುಡ್ಡು ಅಷ್ಟೇ. ಹಾಡು ಬರೆದವನ ದಾರಿ ಬೇರೆ. ಅಮೆರಿಕದಲ್ಲಿ 1909ರಿಂದ 1978ರ ತನಕ ಒಂದು ರೆಕಾರ್ಡಿಗೆ ಒಂದು ಹಾಡಿಗೆ ಎರಡು ಸೆಂಟ್ ಅಂತ ಕಾನೂನಿನ ದರ ಇತ್ತು. ಜುಜುಬಿ ಅನಿಸುತ್ತೆ, ಅಲ್ವಾ? ಹತ್ತು ಲಕ್ಷ ರೆಕಾರ್ಡಿಗೆ ಅದು ಇಪ್ಪತ್ತು ಸಾವಿರ ಡಾಲರ್. ಸಾಮಾನ್ಯವಾಗಿ ಅರ್ಧ ಬರೆದವನಿಗೆ, ಅರ್ಧ ಪಬ್ಲಿಷರ್‌ಗೆ. ಅದರ ಮೇಲೆ ರೇಡಿಯೋ ದುಡ್ಡು. ಅಲ್ಲಿನ ರೇಡಿಯೋ ಸ್ಟೇಷನ್‌ಗಳು ಹಾಡು ಬರೆದವರಿಗೆ, ಪಬ್ಲಿಷರ್‌ಗೆ ಕೊಡುತ್ತವೆ. ಹಾಡಿದವರಿಗೂ ನುಡಿಸಿದವರಿಗೂ ಇವತ್ತಿಗೂ ಕೊಡುವುದಿಲ್ಲ. ನನಗಂತೂ ಇದು ಅನ್ಯಾಯವೇ. 'ಗಿಟಾರ್ ಮ್ಯಾನ್'ನಿಂದ ಗಿಟಾರ್ ತೆಗೆದುಬಿಟ್ಟರೆ ಉಳಿಯುವುದೆಷ್ಟು? ಆದರೂ ಹಣ ಬರುವುದು ಹಾಡಿಗೆ, ಗಿಟಾರಿಗೆ ಅಲ್ಲ.

ರೀಡ್ ಇದನ್ನು ಬೇಗ ಕಂಡುಕೊಂಡಿದ್ದ. ಗಿಟಾರ್ ಅವನನ್ನು ಸ್ಟುಡಿಯೋ ಒಳಗೆ ಕರೆದುಕೊಂಡು ಹೋಯಿತು, ಹಾಡು ಮನೆ ನಡೆಸಿತು. ಅವನ ಹಾಡೊಂದನ್ನು ಜಾನಿ ಕ್ಯಾಶ್ 1972ರಲ್ಲಿ ಹಾಡಿ ಗೆದ್ದ. ತಾನೂ ಅಷ್ಟರಲ್ಲಿ ಗಾಯಕನಾಗಿ ಹೆಸರು ಮಾಡಿ ಗ್ರ್ಯಾಮಿ ಗೆದ್ದಿದ್ದ. ಗಿಟಾರಿನ ದೊಡ್ಡ ಹೆಸರು ಚೆಟ್ ಅಟ್ಕಿನ್ಸ್ ಜೊತೆ ನುಡಿಸಿದ್ದಕ್ಕೂ ಗ್ರ್ಯಾಮಿ ಬಂತು. ಸಿನಿಮಾ ಆಮೇಲೆ. ಅದರಲ್ಲೂ ಲಾರಿ ಓಡಿಸಿದ್ದಷ್ಟೇ ಅಲ್ಲ, ಸಿನಿಮಾದ ಮುಖ್ಯ ಹಾಡನ್ನು ಡಿಕ್ ಫೆಲರ್ ಜೊತೆ ಸೇರಿ ಬರೆದು ಹಾಡಿದ್ದೂ ಅವನೇ. 2008ರಲ್ಲಿ ತೀರಿಕೊಂಡ. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2017ರಲ್ಲಿ. ಲಾರಿಯವನ ವೇಷ ಗಿಟಾರ್ ವಾದಕನನ್ನು ಮರೆಸಿತ್ತು ಅಂತ ನನ್ನ ಅನಿಸಿಕೆ. ನಿಮ್ಮ ಪತ್ರವೂ ಅದನ್ನೇ ಹೇಳುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಹೊಟ್ಟೆಯ ಪ್ರಶ್ನೆ. ನಮ್ಮ ಸಿನಿಮಾ ಸಂಗೀತದಲ್ಲೂ ವಾದ್ಯದವರಿಗೆ ಸಾಮಾನ್ಯವಾಗಿ ಕಾಲ್‌ಶೀಟ್ ಲೆಕ್ಕ, ಅಂದರೆ ನುಡಿಸಿದ ಹೊತ್ತಿಗಷ್ಟೇ ದುಡ್ಡು. ಜೊತೆಗೆ ಕೀಬೋರ್ಡು, ಕಂಪ್ಯೂಟರು ಬಂದು ಎಷ್ಟೋ ಜನರ ಕೆಲಸ ತಿಂದಿವೆ. ಬರೀ ಅದನ್ನೇ ನಂಬಿಕೊಂಡರೆ ಕಷ್ಟ. ಆದರೆ 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾನೂನಿಗೆ ತಿದ್ದುಪಡಿ ಆಯಿತು. ಸಿನಿಮಾ ಹಾಡು ಚಿತ್ರಮಂದಿರದ ಆಚೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಪಾಲಿದೆ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಅದನ್ನು ನಿರ್ಮಾಪಕರು ಕಿತ್ತುಕೊಳ್ಳುವ ಹಾಗಿಲ್ಲ. ನಿಮ್ಮ ಹುಡುಗ ನುಡಿಸಲಿ, ಜೊತೆಗೆ ರಾಗ ಹಾಕುವುದನ್ನೂ ಈಗಿಂದಲೇ ರೂಢಿ ಮಾಡಿಕೊಳ್ಳಲಿ.

ಅವನಿಗೆ ಸುಮ್ನೆ ಒಂದು ಕೆಲಸ ಕೊಡಿ. 'ಗಿಟಾರ್ ಮ್ಯಾನ್' ಮೂರು ಸಲ ಕೇಳಲಿ. ಮೊದಲು ರೀಡ್ ಹಾಡಿದ್ದು, ಆಮೇಲೆ ಎಲ್ವಿಸ್‌ದು. ಮೂರನೆಯದು ಎಲ್ವಿಸ್ ತೀರಿಕೊಂಡ ಮೇಲೆ ಜಾರ್ವಿಸ್ ಹಳೆಯ ದನಿಯನ್ನಷ್ಟೇ ಉಳಿಸಿಕೊಂಡು ವಾದ್ಯಗಳನ್ನು ಹೊಸದಾಗಿ ಸೇರಿಸಿದ್ದು. ಅದಕ್ಕೂ ಗಿಟಾರ್ ನುಡಿಸಿದ್ದು ರೀಡೇ. 1981ರಲ್ಲಿ ಅದು ಅಮೆರಿಕದ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಮೂರರಲ್ಲೂ ಬಲಗೈ ಹೆಬ್ಬೆರಳು ಎಲ್ಲಿ ಬೀಳುತ್ತದೆ ಅಂತ ಹಿಡಿದು ನಮಗೆ ಬರೆದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ