ಕಣದಲ್ಲಿ ಕಾಫಿ, ಮೇಲೆ ಮೋಡ

ಪ್ರಶ್ನೆ: ಮೇಡಂ, ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವ. ರೊಬಸ್ಟಾ ಕೊಯ್ಲು ಶುರುವಾದರೆ ನನಗೆ ಸರಿಯಾಗಿ ನಿದ್ದೆ ಇಲ್ಲ. ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕವಿದರೆ ಎದೆ ಡವಡವ. ಮೊನ್ನೆ ಸಂಜೆ ತೂಕ ಹಾಕುವಾಗ, ಹಸಿರು ಕಾಯಿ ಜಾಸ್ತಿ ಇದೆ ಎಂದು ಒಬ್ಬ ಹೆಂಗಸಿನ ಮೇಲೆ ಎಲ್ಲರೆದುರು ಕೂಗಾಡಿಬಿಟ್ಟೆ. 'ಅಪ್ಪಾ, ನಿಮಗೆ ಎಮೋಷನಲ್ ಇಂಟೆಲಿಜೆನ್ಸ್ ಇಲ್ಲ' ಅಂತಾಳೆ ಮಗಳು. ಏನದು? ಈ ವಯಸ್ಸಲ್ಲಿ ಕಲಿಯೋಕಾಗುತ್ತಾ?
— ಓದುಗರು, ಸಿದ್ದಾಪುರ

ಉತ್ತರ: ಆಗುತ್ತೆ. ನಾನು ಕಲಿತದ್ದೇ ನಲವತ್ತು ದಾಟಿದ ಮೇಲೆ.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜರಿದಾಗ ನಾನು ನರ್ಸ್ ಆಗಿ ಒಂದು ಪರಿಹಾರ ಕೇಂದ್ರದಲ್ಲಿದ್ದೆ. ಕಂಬಳಿ ಹಂಚುತ್ತಿದ್ದ ಹುಡುಗ ಲೆಕ್ಕ ತಪ್ಪಿದ. ಕಣ್ಣಲ್ಲಿ ನೀರು ಬರುವಷ್ಟು ಬೈದೆ. ರಾತ್ರಿ ಜೊತೆಯವಳು ಕೇಳಿದಳು: 'ಅಕ್ಕ, ಒಂದು ಕಂಬಳಿಗೆ ಇಷ್ಟು ಸಿಟ್ಟಾ?' ಆಗ ಬಾಯಿಗೆ ಬಂತು: 'ಅಣ್ಣ ಮಕ್ಕಂದೂರಿನಲ್ಲಿದ್ದಾನೆ. ಎರಡು ದಿನದಿಂದ ಫೋನ್ ಸಿಗ್ತಿಲ್ಲ. ಭಯ ಆಗ್ತಿದೆ.' ಅಣ್ಣನ ಸುದ್ದಿ ಬಂದದ್ದು ಮರುದಿನ. ಕೈ ನಡುಕ ಮಾತ್ರ ಆ ರಾತ್ರಿಯೇ ನಿಂತಿತು.

ನಿಮ್ಮ ಮಗಳು ಹೇಳಿದ್ದು ಇದನ್ನೇ. ನಮ್ಮ ಮತ್ತು ಎದುರಿನವರ ಭಾವನೆ ಗುರುತಿಸಿ, ಅದನ್ನು ನೋಡಿಕೊಂಡು ನಡೆಯುವ ಶಕ್ತಿ. 1990ರಲ್ಲಿ ಪೀಟರ್ ಸ್ಯಾಲೊವೆ, ಜಾನ್ ಮೇಯರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ವಿವರಿಸಿ ಬರೆದರು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಎಂಬ ಇನ್ನೊಬ್ಬ ಮನೋವಿಜ್ಞಾನಿಯ ತಂಡ ಒಂದು ಪ್ರಯೋಗ ಮಾಡಿತು. ಮುಖಗಳ ಚಿತ್ರ ನೋಡಿದವರು ಅಲ್ಲಿ ಕಂಡ ಭಾವನೆಗೆ ಹೆಸರು ಕೊಟ್ಟಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ತಣ್ಣಗಾಯಿತು.

ನಿಮ್ಮ ಪತ್ರದಲ್ಲಿ ಮೋಡ ಮೊದಲು ಬಂದಿದೆ, ಹೆಂಗಸು ಆಮೇಲೆ. ಗಮನಿಸಿದಿರಾ? ಹರಡಿದ ಕಾಫಿ ನೆನೆದರೆ ಬೂಸಲು ಹಿಡಿಯುತ್ತೆ, ಮಾಲೀಕರಿಗೆ ಉತ್ತರ ಹೇಳಬೇಕಾದವರು ನೀವು. ಆ ಭಯವೇ ತಕ್ಕಡಿ ಹತ್ತಿರ ಸಿಟ್ಟಾಗಿ ಹೊರಬಂದಿದೆ ಅನ್ನಿಸುತ್ತೆ. ಇನ್ನು ಮೋಡ ಕಂಡಾಗ 'ಕಾಫಿ ನೆನೆಯುತ್ತೆ ಅಂತ ಭಯ' ಎಂದು ನಿಮಗೇ ಕೇಳುವಂತೆ ಹೇಳಿ. ಉಸಿರು ನಿಧಾನವಾಗಿ ಬಿಡಿ. ಆಮೇಲೆ ಟಾರ್ಪಾಲು ಎಳೆಯಲು ಜನ ಕರೆಯಿರಿ.

ಒಂದು ಮಾತು. ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದರೆ, ಎಷ್ಟು ಉಸಿರು ಬಿಟ್ಟರೂ ಹೊರೆ ಇಳಿಯಲ್ಲ. ಕಣಕ್ಕೆ ಇನ್ನೊಬ್ಬರು ಬೇಕೆಂದು ಮಾಲೀಕರನ್ನು ಕೇಳಿ. ಸಂಜೆಯ ಗಡಿಬಿಡಿಯಲ್ಲಿ ಬೇಡ, ಬೆಳಿಗ್ಗೆ ಕೇಳಿ. ಕೊಯ್ಲು ಮುಗಿದರೂ ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ಹೆಂಗಸಿನ ಹತ್ತಿರ 'ತಪ್ಪಾಯ್ತಮ್ಮ' ಅನ್ನಿ. ಕೆಲಸದವರ ಲೈನ್ ಮನೆಗೆ ಹೋಗಿ ಗುಟ್ಟಾಗಿ ಬೇಡ. ಕೂಗಾಡಿದ್ದು ತಕ್ಕಡಿ ಎದುರಲ್ಲಿ, ಎಲ್ಲರ ಮುಂದೆ ಅಲ್ವಾ? ಅಲ್ಲೇ ಹೇಳಿ.