ಅಪಾರ್ಟ್‌ಮೆಂಟ್ ಲಾನ್ ತೆಗೆದು ಕಮ್ಮಿ ನೀರಿನ ಗಾರ್ಡನ್ ಮಾಡೋಕೆ ಯಾವ ಗಿಡ ಹಾಕ್ಬೇಕು?

ಬೆಂಗಳೂರಲ್ಲಿ ಅಪಾರ್ಟ್‌ಮೆಂಟು, ಬೇಸಿಗೇಲಿ ಲಾನ್‌ಗೆ ಟ್ಯಾಂಕರ್ ನೀರು, ಜೋರು ಮಳೆ ಬಂದ್ರೆ ಅದೇ ಜಾಗದ ನೀರೆಲ್ಲಾ ಬೇಸ್‌ಮೆಂಟಿಗೆ, ಯಾವ ಗಿಡ ಹಾಕಿದ್ರೆ ಸರಿಹೋಗತ್ತೆ ಅಂತ ಕೇಳಿದೀರ. ಗಿಡದ ಮಾತು ಆಮೇಲೆ ಸಾರ್, ಮೊದ್ಲು ಲೆವೆಲ್ ನೋಡಿ.

ನಾನು ಲ್ಯಾಂಡ್‌ಸ್ಕೇಪ್ ಕೆಲಸ ಮಾಡೋನು. ಹೆಚ್ಚುಕಮ್ಮಿ ಎಲ್ಲಾ ಕಡೆ ಗಾರ್ಡನ್‌ನ ಡ್ರೈವ್‌ವೇಗಿಂತ ಎತ್ತರ ಮಾಡಿ ಸುತ್ತ ಕರ್ಬ್ ಕಲ್ಲು ಕೂರ್ಸಿರ್ತಾರೆ. ನೀರು ಕುಡಿಯೋ ಮಣ್ಣು ಮೇಲೆ, ಕುಡಿಯದ ಕಾಂಕ್ರೀಟ್ ಕೆಳಗೆ! ತೆಂಗಿನ ಮರಕ್ಕೆ ಪಾತಿ ಮಾಡೋ ರೈತ ಇದನ್ನ ನೋಡಿದ್ರೆ ನಗ್ತಾನೆ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್, ಅಂದ್ರೆ ಟೆರೇಸು ಡ್ರೈವ್‌ವೇ ಸೇರಿ 1000 ಚದರ ಮೀಟರ್ ಇದ್ದು ಸಂಜೆ 50 ಮಿ.ಮೀ. ಹೊಡೀತು ಅಂದ್ರೆ 50,000 ಲೀಟರ್, ಅದು ಎಲ್ಲಾದ್ರೂ ಹೋಗ್ಲೇಬೇಕಲ್ಲ, ರ‍್ಯಾಂಪ್ ಇಳಿಯತ್ತೆ. ಊರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಹತ್ರ ಮಳೆ ಬೀಳತ್ತೆ, ನಾವು ಮಾತ್ರ ಸುಮಾರು 100 ಕಿ.ಮೀ. ದೂರದ ಕಾವೇರಿ ನೀರನ್ನ ಮೇಲಕ್ಕೆ ಪಂಪ್ ಮಾಡಿ ತಂದು ಹುಲ್ಲಿಗೆ ಬಿಡ್ತೀವಿ. 2024ರ ಮಾರ್ಚಲ್ಲಿ ಗಾರ್ಡನ್‌ಗೆ ಕುಡಿಯೋ ನೀರು ಹಾಕಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆರ್ಡರ್ ಮಾಡಿದ್ದು ನೆನಪಿರ್ಬೇಕು.

ಹಾಗಾಗಿ ಲಾನ್ ಇರೋ ಜಾಗಾನ ಡ್ರೈವ್‌ವೇಗಿಂತ ಅರ್ಧ ಮುಕ್ಕಾಲು ಅಡಿ ತಗ್ಗು ಮಾಡಿಸಿ, ಕರ್ಬ್‌ನ ಅಲ್ಲಲ್ಲಿ ಕಟ್ ಮಾಡಿಸಿ ನೀರು ಒಳಗೆ ಬರೋ ಹಾಗೆ. ಜಾಸ್ತಿಯಾದ ನೀರು ಮಳೆನೀರಿನ ಚರಂಡಿಗೆ ಹೋಗೋಕೆ ಒಂದು ಓವರ್‌ಫ್ಲೋ ಪೈಪ್ ಇರ್ಲೇಬೇಕು.

ಆದ್ರೆ ಅಗೆಯೋ ಮುಂಚೆ ಕೆಳಗಡೆ ಏನಿದೆ ನೋಡಿ. ಎಷ್ಟೋ ಕಡೆ ಗಾರ್ಡನ್ ಅನ್ನೋದು ಪಾರ್ಕಿಂಗ್ ಸ್ಲ್ಯಾಬ್ ಮೇಲೆ ಸುರಿದ ಮಣ್ಣು ಅಷ್ಟೇ, ಅಲ್ಲಿ ನೀರು ನಿಲ್ಸಿದ್ರೆ ಸ್ಲ್ಯಾಬ್ ಸೋರೋಕೆ ಶುರು, ಕಮಿಟಿ ಮೀಟಿಂಗಲ್ಲಿ ನಿಮ್ಮ ಕತೆ ಮುಗೀತು. ಕೆಳಗೆ ಬೇಸ್‌ಮೆಂಟ್ ಇಲ್ಲದ ಸೆಟ್‌ಬ್ಯಾಕ್ (ಕಟ್ಟಡಕ್ಕೂ ಕಾಂಪೌಂಡಿಗೂ ಮಧ್ಯೆ ಬಿಟ್ಟಿರೋ) ಜಾಗಾನೇ ಆರಿಸ್ಕೊಳ್ಳಿ, ಅದೂ ಗೋಡೆಯಿಂದ ದೂರ. ಅಲ್ಲೂ ನಾಲ್ಕಿಂಚು ಕೆಮ್ಮಣ್ಣಿನ ಕೆಳಗೆ ಬಿಲ್ಡರ್ ಹಾಕಿಹೋದ ಡೆಬ್ರಿಸ್ ಸಿಗತ್ತೆ, ತೆಗೆಸಿ. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಮಾರನೇ ದಿನಕ್ಕೆ ಇಂಗಿದ್ರೆ ಜಾಗ ಓಕೆ. ಸೊಳ್ಳೆ ಆಗತ್ತೆ ಅಂತ ಯಾರಾದ್ರೂ ಗಲಾಟೆ ಮಾಡೇ ಮಾಡ್ತಾರೆ, ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ ಬೇಕು, ನೀರು ಎರಡು ದಿನದಲ್ಲಿ ಇಂಗೋ ಹಾಗಿದ್ರೆ ಆ ಭಯ ಇಲ್ಲ.

ಇಂಗದಿದ್ರೆ ರೀಚಾರ್ಜ್ ಬಾವಿ, ಅಂದ್ರೆ ಮಳೆನೀರನ್ನ ನೆಲದೊಳಕ್ಕೆ ಇಂಗಿಸೋ ಬಾವಿ ತೋಡಿಸಿ. ಮೂರಡಿ ಅಗಲ, 20 ಅಡಿ ಆಳ ಸಾಮಾನ್ಯ, ಒಳಗೆ ಇಳಿಸೋ ಕಾಂಕ್ರೀಟ್ ರಿಂಗ್‌ಗಳ ಮಧ್ಯೆ ಸಿಮೆಂಟ್ ಮೆತ್ತಬಾರದು, ತಳಕ್ಕೆ ಕಾಂಕ್ರೀಟ್ ಬೇಡ, ಮೇಲೆ ಗಟ್ಟಿ ಮುಚ್ಚಳ. ತಲೆಮಾರುಗಳಿಂದ ಬಾವಿ ತೋಡೋ ಮಣ್ಣು ವಡ್ಡರ ಸಮುದಾಯದವರು ಸಿಕ್ರೆ ಅವ್ರಿಗೇ ಕೊಡಿ, ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಜೀವ ಬಂದಿದ್ದೂ ಅವ್ರ ಕೈಯಿಂದಾನೇ. ಎಸ್‌ಟಿಪಿ (ಕೊಳಚೆ ಶುದ್ಧ ಮಾಡೋ ಘಟಕ) ನೀರು ಮಾತ್ರ ಬಾವಿಗೆ ಬಿಡ್ಬೇಡಿ, ಅದು ಗಿಡಕ್ಕೆ, ಅದೂ ಡ್ರಿಪ್‌ನಲ್ಲಿ. ಪೇವರ್ ಹಾಕಿದೀವಿ ನೀರು ಇಂಗತ್ತೆ ಅಂತ ಕಂಟ್ರಾಕ್ಟರ್ ಹೇಳಿದ್ರೆ ಒಂದು ಕಲ್ಲು ಎತ್ತಿ ತೋರ್ಸಿ ಅನ್ನಿ, ಕೆಳಗೆ ಪಿಸಿಸಿ (ಕಂಬಿ ಇಲ್ಲದ ಕಾಂಕ್ರೀಟ್) ಬೆಡ್ ಇದ್ರೆ ಎಲ್ಲಿಂದ ಇಂಗತ್ತೆ.

ಈಗ ಗಿಡ. ತಗ್ಗಲ್ಲಿ ಕ್ಯಾನಾ, ಲಾವಂಚ, ಇವು ಮಳೆಗಾಲದ ನೀರೂ ತಡೀತವೆ, ಆಮೇಲೆ ಒಣಗಿದ್ರೂ ಅಷ್ಟು ಸುಲಭಕ್ಕೆ ಸಾಯಲ್ಲ. ಅಂಚಲ್ಲಿ ಕಣಗಿಲೆ, ಮಜ್ಜಿಗೆ ಹುಲ್ಲು, ಜಾಗ ಇದ್ರೆ ಒಂದು ಹೊಂಗೆ. ಮಕ್ಕಳು ಆಡೋಕೆ ಚೂರು ಲಾನ್ ಉಳಿಸ್ಕೊಳ್ಳಿ, ಬೇಡ ಅನ್ನಲ್ಲ, ಬೇಸಿಗೇಲಿ ಅದು ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹತ್ರ ಕುಡಿಯತ್ತೆ ಅನ್ನೋ ಲೆಕ್ಕ ಇಟ್ಕೊಂಡು ಸೈಜ್ ತೀರ್ಮಾನ ಮಾಡಿ.

ಬೇಸ್‌ಮೆಂಟ್ ಎಲ್ಲಿವರೆಗೆ ಬಂದಿದೆ ಅಂತ ಪ್ಲಾನ್ ನೋಡಿ ಕಾಮೆಂಟಲ್ಲಿ ಹಾಕಿ, ಬಾವಿ ಎಲ್ಲಿ ಬರ್ಬಹುದು ಹೇಳ್ತೀನಿ.