ಮೆಮೊರಿ ದರ ಇಳಿಯುವ ತಿಂಗಳನ್ನು ಕೇಳುವವರಿಗೆ

ಪ್ರಶ್ನೆ: ಪರ್ಸನಲ್ ಕಂಪ್ಯೂಟರಿನ ಕಾಲ ಮುಗಿಯಿತೇ?

ಉತ್ತರ: ವರ್ಷಕ್ಕೆ 25 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗುತ್ತಿರುವ ವಸ್ತುವಿಗೆ ಪ್ರತಿ ವರ್ಷ ಶ್ರದ್ಧಾಂಜಲಿ ಬರೆಯುವವರನ್ನೇ ಇದನ್ನು ಕೇಳಬೇಕು.

ಪ್ರಶ್ನೆ: ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಮತ್ತು ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಮೆಮೊರಿ) ದರಗಳು ವಿಪರೀತ ಏರಿವೆ. ಎರಡು ಮೂರು ತಿಂಗಳಲ್ಲಿ ಇಳಿಯುತ್ತವೆ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಇದು ವರ್ತಕರು ಸೃಷ್ಟಿಸಿದ ಕೃತಕ ಅಭಾವವೇ? ಕಾಯುವುದು ಒಳ್ಳೆಯದೇ?

ಉತ್ತರ: ಪದಗಳಷ್ಟೇ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಇನ್ನೊಮ್ಮೆ ಬರೆಯುವ ಪ್ರಮೇಯ ಒದಗದಿರಲಿ ಎಂದು ವಿವರವಾಗಿಯೇ ಹೇಳುತ್ತೇನೆ. ತಿಂಗಳಿನ ಹೆಸರು ಹಿಡಿದು ಭವಿಷ್ಯ ನುಡಿಯುವ ವಿಡಿಯೊಗಳನ್ನು ಮೊದಲು ಬದಿಗಿಡಿ. ಮೆಮೊರಿಯ ದರ ಅಂಗಡಿಯ ಗಲ್ಲಾದ ಬಳಿ ಹುಟ್ಟುವುದಿಲ್ಲ. ಎರಡು ಮೂರು ವರ್ಷಗಳ ಹಿಂದೆ ಹೊಸ ಕಾರ್ಖಾನೆಗೆ ಯಾರಾದರೂ ಹಣ ಹೂಡಿದ್ದರೇ ಎಂಬುದನ್ನೇ ಅದು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಮನೆಯಿಂದಲೇ ಕೆಲಸ ಮತ್ತು ಪಾಠ ನಡೆಯುತ್ತಿದ್ದ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಕೋಟಿ ಪಿಸಿಗಳು ತಯಾರಕರಿಂದ ಹೊರಬಿದ್ದವು. 2023ರ ಹೊತ್ತಿಗೆ ಆ ಸಂಖ್ಯೆ 26 ಕೋಟಿಯ ಆಸುಪಾಸಿಗೆ ಕುಸಿಯಿತು. ಕೊರತೆಯ ಭಯದಿಂದ ಅಗತ್ಯಕ್ಕಿಂತ ಹೆಚ್ಚು ಚಿಪ್‌ಗಳನ್ನು ತರಿಸಿಕೊಂಡಿದ್ದ ಕಂಪನಿಗಳು ದಾಸ್ತಾನು ಕರಗುವವರೆಗೂ ಖರೀದಿ ನಿಲ್ಲಿಸಿದ್ದರಿಂದ ಮೆಮೊರಿಯ ದರ ನೆಲಕಚ್ಚಿತು. ಮೆಮೊರಿ ತಯಾರಕ ಮೈಕ್ರಾನ್ ಒಂದೇ 2023ರ ಹಣಕಾಸು ವರ್ಷದಲ್ಲಿ ಸುಮಾರು 580 ಕೋಟಿ ಡಾಲರ್ ನಷ್ಟ ಅನುಭವಿಸಿತು. ನಷ್ಟದಲ್ಲಿರುವ ಉದ್ಯಮ ಕಾರ್ಖಾನೆ ಕಟ್ಟುವುದಿಲ್ಲ, ಇರುವ ಉತ್ಪಾದನೆಯನ್ನೂ ಕಡಿತಗೊಳಿಸುತ್ತದೆ. ಆಗ ಅಗ್ಗದ ರ‍್ಯಾಮ್ ಕೊಂಡು ಸಂಭ್ರಮಿಸಿದವರು ಇಂದಿನ ದುಬಾರಿಯ ಬೀಜ ಅಲ್ಲೇ ಬಿದ್ದಿತ್ತೆಂಬುದನ್ನು ಗಮನಿಸಲಿಲ್ಲ.

ಅದೇ ಸಮಯಕ್ಕೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಬಂದವು. 2025ರ ಜನವರಿಯಲ್ಲಿ ಕೊನೆಗೊಂಡ ಹಣಕಾಸು ವರ್ಷದಲ್ಲಿ ಎನ್ವಿಡಿಯಾ ಗಳಿಸಿದ ಸುಮಾರು 13,050 ಕೋಟಿ ಡಾಲರ್ ವರಮಾನದಲ್ಲಿ 11,500 ಕೋಟಿಯಷ್ಟು ಡೇಟಾ ಸೆಂಟರ್ ವಿಭಾಗದ್ದೇ ಆಗಿತ್ತು. ಆ ಸಂಸ್ಥೆಯ ಎಐ ಚಿಪ್‌ಗಳ ಪಕ್ಕದಲ್ಲಿ ಕೂರುವ ಎಚ್‌ಬಿಎಂ ಎಂಬ ಮೆಮೊರಿಯನ್ನು ನಿಮ್ಮ ರ‍್ಯಾಮ್‌ನಲ್ಲೂ ಇರುವ ಡಿ-ರ‍್ಯಾಮ್ ಚಿಪ್‌ಗಳನ್ನು ಒಂದರ ಮೇಲೊಂದು ಪೇರಿಸಿ ತಯಾರಿಸುತ್ತಾರೆ. ಅಷ್ಟೇ ಸಾಮರ್ಥ್ಯದ ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್ ಆದ ಡಿಡಿಆರ್5ಗೆ ಹೋಲಿಸಿದರೆ ಅದು ಸರಿಸುಮಾರು ಮೂರು ಪಟ್ಟು ವೇಫರ್ (ಚಿಪ್‌ಗಳನ್ನು ರೂಪಿಸುವ ಸಿಲಿಕಾನ್ ಬಿಲ್ಲೆ) ನುಂಗುತ್ತದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳು ಡಿ-ರ‍್ಯಾಮ್ ಮಾರುಕಟ್ಟೆಯ ಬಹುಪಾಲನ್ನು ಹಿಡಿದಿರುವಾಗ, ಅವು ಲಾಭ ಹೆಚ್ಚಿರುವ ಕಡೆಗೆ ವೇಫರ್ ತಿರುಗಿಸಿದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಉಳಿಯುವುದು ಕಡಿಮೆಯೇ. ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡಿನ ಮೆಮೊರಿ ವ್ಯವಹಾರದಿಂದ ಹೊರನಡೆಯುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದು ಈ ಕಾರಣಕ್ಕೇ.

ಆದ್ದರಿಂದ ವರ್ತಕರ ಸಂಚು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಾಸ್ತಾನು ಬಚ್ಚಿಡುವವರು ಕೊರತೆಯ ಹಿಂದೆ ಬರುತ್ತಾರೆ, ಅದನ್ನು ಹುಟ್ಟಿಸುವುದಿಲ್ಲ. (ಈ ಉದ್ಯಮವೇನೂ ಮುಗ್ಧವಲ್ಲ: ಒಳಒಪ್ಪಂದದಿಂದ ಡಿ-ರ‍್ಯಾಮ್ ದರ ನಿಗದಿಪಡಿಸಿದ ತಪ್ಪನ್ನು ಒಪ್ಪಿಕೊಂಡು ಸ್ಯಾಮ್‌ಸಂಗ್ 2005ರಲ್ಲಿ ಅಮೆರಿಕದಲ್ಲಿ 30 ಕೋಟಿ ಡಾಲರ್ ದಂಡಕ್ಕೆ ಸಮ್ಮತಿಸಿತ್ತು.)

ದರ ಇಳಿದೇ ಇಳಿಯುತ್ತದೆ, ಈ ಉದ್ಯಮದಲ್ಲಿ ಇದುವರೆಗೆ ಪ್ರತಿ ಏರಿಕೆಯೂ ಹಾಗೆಯೇ ಮುಗಿದಿದೆ. ಆದರೆ ದಿನಾಂಕ ಹೇಳುವವನು ಊಹಿಸುತ್ತಿದ್ದಾನೆ. ನೋಡಬೇಕಾದದ್ದು ಬೇರೆ: ಬಿಡಿ ಖರೀದಿಯ ಸ್ಪಾಟ್ ದರ, ದೊಡ್ಡ ಕಂಪನಿಗಳ ಗುತ್ತಿಗೆ ದರಕ್ಕಿಂತ ಕೆಳಗೆ ಬಂದು ಅಲ್ಲೇ ನಿಂತರೆ ಗಾಳಿ ತಿರುಗಿದೆ ಎಂದರ್ಥ. ಮೆಮೊರಿ ತಯಾರಕರ ತ್ರೈಮಾಸಿಕ ವರದಿಗಳಲ್ಲಿ ದಾಸ್ತಾನು ಬೆಳೆಯತೊಡಗುವುದೂ ಅಂಥದೇ ಸೂಚನೆ. ಹೊಸ ಕಾರ್ಖಾನೆಯ ಶಂಕುಸ್ಥಾಪನೆಯ ಫೋಟೊ ಸೂಚನೆಯಲ್ಲ, ಏಕೆಂದರೆ ಅಲ್ಲಿಂದ ಚಿಪ್ ಹೊರಬರಲು ವರ್ಷಗಳೇ ಬೇಕು.

ಕೆಲಸಕ್ಕೆ ಯಂತ್ರ ಬೇಕಿದ್ದರೆ ಈಗಲೇ ಕೊಳ್ಳಿ, ಅಗತ್ಯವಿರುವಷ್ಟೇ ಮೆಮೊರಿ ಹಾಕಿಸಿ, ಮುಂದೆ ಸೇರಿಸಲು ಖಾಲಿ ಸ್ಲಾಟ್ ಇದೆಯೇ ಎಂದು ನೋಡಿಕೊಳ್ಳಿ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡ್‌ಗೇ ಬೆಸೆದಿರುವುದರಿಂದ ಅಲ್ಲಿ ಈ ಉಪಾಯ ನಡೆಯದು. ಹಳೆಯ ಯಂತ್ರ ನಡೆಯುತ್ತಿದ್ದರೆ ಸುಮ್ಮನಿರಿ. ಲಾಭಕ್ಕೆಂದು ರ‍್ಯಾಮ್ ಕೊಂಡಿಡಬಹುದೇ ಎಂದು ಕೇಳಿರುವವರಿಗೆ ನನ್ನ ಬಳಿ ಸಲಹೆಯಿಲ್ಲ.

ಪ್ರಶ್ನೆ: ವಿಂಡೋಸ್ 10ರ ಬೆಂಬಲ ನಿಂತಿದೆ. ಪಿಸಿ ಮಾರಾಟ ಇನ್ನು ಹಲವು ವರ್ಷ ಏರುತ್ತದಲ್ಲವೇ?

ಉತ್ತರ: ಇಲ್ಲ. 2025ರ ಅಕ್ಟೋಬರ್ 14ರ ಗಡುವು ನಾಳೆಯ ಖರೀದಿಯನ್ನು ಇಂದಿಗೆ ಎಳೆದು ತಂದಿತು, ಹೊಸ ಗ್ರಾಹಕರನ್ನು ಹುಟ್ಟಿಸಲಿಲ್ಲ.

ಪ್ರಶ್ನೆ: ಎಐ ಪಿಸಿಯನ್ನೇ ಕೊಳ್ಳಬೇಕೇ?

ಉತ್ತರ: ನೀವು ಬಳಸುವ ಯಾವ ತಂತ್ರಾಂಶಕ್ಕೆ ಅದರ ಎನ್‌ಪಿಯು (ಎಐ ಲೆಕ್ಕಾಚಾರಕ್ಕೆಂದೇ ಇರುವ ಚಿಪ್ ಭಾಗ) ಬೇಕೆಂದು ಮಾರುವವರು ಹೆಸರಿಸಿ ತೋರಿಸಿದರೆ ಕೊಳ್ಳಿ.

ಪ್ರಶ್ನೆ: ರ‍್ಯಾಮ್ ದುಬಾರಿಯಾದ್ದರಿಂದ, ರ‍್ಯಾಮ್ ಹೆಚ್ಚಿಸುವ ಉಚಿತ ತಂತ್ರಾಂಶ ಹಾಕಿಕೊಂಡಿದ್ದೇನೆ. ಸಾಕಾಗುತ್ತದೆಯೇ?

ಉತ್ತರ: ತಂತ್ರಾಂಶದಿಂದ ಚಿಪ್ ಹುಟ್ಟುವುದಿಲ್ಲ. ಇಂಥವು ಮಾಹಿತಿ ಕದಿಯುವ ಸಾಧ್ಯತೆಯೂ ಇರುವುದರಿಂದ, ಅದನ್ನು ಇಂದೇ ತೆಗೆದುಹಾಕಿ ಪಾಸ್‌ವರ್ಡ್‌ಗಳನ್ನೂ ಬದಲಿಸಿ.